ಹಿಮಾಚಲದ ಸ್ಪಿತಿ ಕಣಿವೆಗೆ ಎರಡು ಗಾಡಿ, 18 ದಿನ: ಮನಾಲಿಯಿಂದ ಹತ್ತೋದಾ, ಕಿನ್ನೌರ್‌ನಿಂದ ಹತ್ತೋದಾ?

ಕಲ್ಲುದಾರಿ
ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ ಬೆಂಗಳೂರಿಂದ ಹೊರಡೋ ಪ್ಲಾನ್ ಇದು. ಒಂದು ಥಾರ್ ಡೀಸೆಲ್, ಒಂದು ಜಿಮ್ನಿ. ಐದು ಜನ, ಅದರಲ್ಲಿ ಒಬ್ಬರಿಗೆ 62 ವರ್ಷ. ದಾರಿ ಹೀಗೆ: ಬೆಂಗಳೂರು – ನಾಗ್ಪುರ – ದೆಹಲಿ – ಮನಾಲಿ – ಅಟಲ್ ಸುರಂಗ – ಗ್ರಾಂಫು – ಬತಾಲ್ – ಚಂದ್ರತಾಲ್ – ಕುಂಜುಮ್ – ಕಾಜಾ – ತಾಬೊ – ನಾಕೊ – ಕಲ್ಪಾ – ಶಿಮ್ಲಾ, ಅಲ್ಲಿಂದ ವಾಪಸ್. ಮನಾಲಿ ಬಿಟ್ಟ ದಿನವೇ ಚಂದ್ರತಾಲ್‌ನಲ್ಲಿ ಮಲಗೋದು.

ಇಲ್ಲಿವರೆಗೆ ಪಟ್ಟಿಗೆ ಹಾಕಿರೋದು: ಮಡ್ ಟೆರೇನ್ ಟೈರು, ಥಾರ್ ಮೇಲೆ ರೂಫ್ ಟೆಂಟ್, ಇಂಧನಕ್ಕೆ 20 ಲೀಟರಿನ ಜೆರಿ ಕ್ಯಾನ್ 4, ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯೋ ಯಂತ್ರ). ಇದರಲ್ಲಿ ಏನು ಬೇಕು, ಏನು ಬೇಡ? ದಿನ ಸಾಲುತ್ತಾ? ತಪ್ಪಿದ್ರೆ ನೇರವಾಗಿ ಹೇಳಿ.

ನಕ್ಷೆ_ಹುಚ್ಚು
ಮೊದಲು ದಿಕ್ಕು ತಿರುಗಿಸಿ. ಸಾಮಾನಿನ ಮಾತು ಆಮೇಲೆ.

ಮನಾಲಿ ಇರೋದು 2,050 ಮೀಟರ್. ಚಂದ್ರತಾಲ್ 4,250 ಮೀಟರ್. ಒಂದೇ ಹಗಲಲ್ಲಿ 2,200 ಮೀಟರ್ ಮೇಲೆ ಹೋಗಿ ಅಲ್ಲೇ ನಿದ್ದೆ ಮಾಡ್ತೀರಿ. ತೆಳು ಗಾಳಿಗೆ ದೇಹ ಒಗ್ಗದೆ ಕಾಯಿಲೆ ಬಿದ್ರೆ, ಅಲ್ಲಿಂದ ರಾತ್ರಿ ಕೆಳಗಿಳಿಯೋಕೆ ಒಂದು ಕಡೆ ಕುಂಜುಮ್ ಬೆಟ್ಟದ ಏರುದಾರಿ ಅಡ್ಡ, ಇನ್ನೊಂದು ಕಡೆ ಬತಾಲ್–ಗ್ರಾಂಫು ಕಲ್ಲುಹಾದಿ. ಕತ್ತಲಲ್ಲಿ ಎರಡೂ ಆಗದ ಮಾತು.

ಕಿನ್ನೌರ್ ಕಡೆಯಿಂದ (ಅಂದ್ರೆ ಶಿಮ್ಲಾ–ಕಲ್ಪಾ ದಾರಿ) ಮಲಗೋ ಎತ್ತರ ನೋಡಿ: ನಾರ್ಕಂಡಾ 2,700, ಕಲ್ಪಾ 2,960, ತಾಬೊ 3,280, ಕಾಜಾ ಸುಮಾರು 3,650, ಕೊನೆಗೆ ಚಂದ್ರತಾಲ್. ಮೆಟ್ಟಿಲು ಹತ್ತಿದ ಹಾಗೆ. ನಾಕೊ 3,660 ಇದೆ, ಅಲ್ಲಿ ಊಟಕ್ಕೆ ನಿಲ್ಲಿ, ಮಲಗೋಕೆ ತಾಬೊಗೆ ಇಳೀರಿ. ಎತ್ತರ ಮುಟ್ಟಿ ತಗ್ಗಲ್ಲಿ ಮಲಗಿದ್ರೆ ದೇಹ ಬೇಗ ಒಗ್ಗುತ್ತೆ.

ಎತ್ತರದ_ವೈದ್ಯ
ಮೇಲಿನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. 3,000 ಮೀಟರ್ ದಾಟಿದ ಮೇಲೆ ಮಲಗೋ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು–ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ಇರಬೇಕು. ಕಾಜಾದಿಂದ ಚಂದ್ರತಾಲ್‌ಗೆ 600 ಏರುತ್ತೆ, ಅದಕ್ಕೇ ಕಾಜಾದಲ್ಲಿ ಮೂರು ರಾತ್ರಿ ಇಟ್ಟುಕೊಳ್ಳಿ.

ಅಸಿಟಝೋಲಮೈಡ್ ಎತ್ತರದ ಕಾಯಿಲೆ ತಡೆಗಟ್ಟೋಕೆ ಕೊಡೋ ಮಾತ್ರೆ. ಸಾಮಾನ್ಯವಾಗಿ 125 ಮಿ.ಗ್ರಾಂ, ದಿನಕ್ಕೆ ಎರಡು ಸಲ, ಏರೋದಕ್ಕೆ ಹಿಂದಿನ ದಿನದಿಂದ ಶುರು. ಸಲ್ಫಾ ಅಲರ್ಜಿ ಇದ್ದವರಿಗೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಆಗೋಲ್ಲ. 62ರ ಹಿರಿಯರು ಬಿಪಿ, ಹೃದಯದ ಮಾತ್ರೆ ತಗೊಳ್ತಿದ್ರೆ ಹೊರಡೋ ಮುಂಚೆ ಅವರ ಡಾಕ್ಟರ್ ಹತ್ರ ಕೂತು ಮಾತಾಡಲೇಬೇಕು.

ತಲೆನೋವು, ವಾಕರಿಕೆ, ನಿದ್ದೆ ಬಾರದಿರೋದು: ಅವತ್ತು ಮೇಲಕ್ಕೆ ಹೋಗಬೇಡಿ. ಕೂತಲ್ಲೇ ಏದುಸಿರು, ಒದ್ದೆ ಕೆಮ್ಮು, ತೂರಾಡೋ ನಡಿಗೆ, ಮಾತು ತೊದಲೋದು: ಹೊತ್ತು ನೋಡದೆ ಕೆಳಗಿಳಿಸಿ. ಗೆರೆ ಮೇಲೆ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಸಿ ನೋಡಿ. ಅದು ಆಗದೇ ಇದ್ರೆ ಕಾಯೋ ಪ್ರಶ್ನೆಯೇ ಇಲ್ಲ.

ಹಿಮಾಲಯನ್_ಬೈಕು
ಆಕ್ಸಿಜನ್ ಕ್ಯಾನ್ ಎರಡು ಇಟ್ಕೊಂಡ್ರೆ ಮನಾಲಿ ಕಡೆಯಿಂದಲೂ ಆಗುತ್ತಲ್ವಾ? ತುಂಬಾ ಜನ ಹಾಗೇ ಹೋಗ್ತಾರೆ.

ಎತ್ತರದ_ವೈದ್ಯ
@ಹಿಮಾಲಯನ್_ಬೈಕು ಆಗಲ್ಲ. ಔಷಧಿ ಅಂಗಡೀಲಿ ಸಿಗೋ ಆ ಹಗುರ ಸ್ಪ್ರೇ ಕ್ಯಾನ್ ಕೆಲವೇ ನಿಮಿಷ ಬರುತ್ತೆ. ಖಾಲಿಯಾದ ಕೂಡಲೇ ಮೊದಲಿನ ಸ್ಥಿತಿ. ಗಂಟೆಗಟ್ಟಲೆ ಬೇಕಾದ್ರೆ ರೆಗ್ಯುಲೇಟರ್ ಇರೋ ಸಿಲಿಂಡರ್ ಬೇಕು, ಅದೂ ಕೆಳಗಿಳಿಸೋವರೆಗೆ ತಡೆಯೋಕೆ ಮಾತ್ರ. ಬೆರಳಿಗೆ ಸಿಕ್ಕಿಸೋ ಆಕ್ಸಿಮೀಟರ್ ಇಟ್ಕೊಳ್ಳಿ, ಆದ್ರೆ ಒಂದು ಅಂಕಿ ನೋಡಿ ಗಾಬರಿಯಾಗಬೇಡಿ. ದಿನಾ ಬೆಳಿಗ್ಗೆ ಎಲ್ಲರದ್ದೂ ಬರೆದಿಟ್ಟು, ಒಬ್ಬರದ್ದು ಮಾತ್ರ ಇಳೀತಾ ಹೋಗ್ತಿದ್ಯಾ ಅಂತ ಹೋಲಿಸಿ.

ಘಟ್ಟದ_ಜೀಪು
ದಿಕ್ಕು ತಿರುಗಿಸೋಕೆ ಎತ್ತರ ಒಂದೇ ಕಾರಣ ಅಲ್ಲ, ನೀರೂ ಕಾರಣ. ಛತ್ರು–ಬತಾಲ್ ನಡುವೆ ರಸ್ತೆಗೆ ಅಡ್ಡ ಹರಿಯೋ ತೊರೆಗಳಿಗೆ, ಅಂದ್ರೆ ನಾಲಾಗಳಿಗೆ ಬರೋದು ಹಿಮನದಿ ಕರಗಿದ ನೀರು. ರಾತ್ರಿ ಚಳಿಗೆ ಕರಗೋದು ನಿಲ್ಲುತ್ತೆ, ಬೆಳಗಿನ ಜಾವ ನೀರು ಕಡಿಮೆ. ಬಿಸಿಲೇರಿದ ಹಾಗೆ ಏರಿ, ಮಧ್ಯಾಹ್ನದ ಮೇಲೆ ಪೂರ್ತಿ ಜೋರು.

ಮನಾಲಿಯಿಂದ ಬೆಳಿಗ್ಗೆ ಹೊರಟ್ರೆ ಆ ನಾಲಾ ಸಿಗೋದು ನಡು ಮಧ್ಯಾಹ್ನ, ಸರಿಯಾಗಿ ತಪ್ಪು ಹೊತ್ತಿಗೆ. ಚಂದ್ರತಾಲ್‌ನಿಂದ ಬೆಳಿಗ್ಗೆ 6ಕ್ಕೆ ಬಿಟ್ರೆ 10ರೊಳಗೆ ದೊಡ್ಡವನ್ನೆಲ್ಲ ದಾಟಿರ್ತೀರಿ. ಬತಾಲ್‌ನಿಂದ ಗ್ರಾಂಫು ಸುಮಾರು 50 ಕಿ.ಮೀ. ಅಷ್ಟೇ, ಆದ್ರೆ 4–5 ಗಂಟೆ ಹಿಡಿಯುತ್ತೆ. ರಸ್ತೆ ಅಗಲ ಮಾಡೋ ಕೆಲಸ ನಡೀತಿರೋ ಕಡೆ ತಡೆದು ನಿಲ್ಲಿಸಿದ್ರೆ ಇನ್ನೂ ತಡ.

ಧಾರವಾಡ_ಡೀಸೆಲ್
ದಿಕ್ಕಿನ ಮಾತು ಖರೆ ಐತ್ರಿ. ಆದ್ರ ಕಿನ್ನೌರ್ ಕಡೆ ಗುಡ್ಡ ಕುಸಿಯೋದನ್ನ ಯಾರೂ ಹೇಳವಲ್ರಿ. 2021ರ ಆಗಸ್ಟ್ 11ಕ್ಕ ನಿಗುಲ್‌ಸರಿ ಹತ್ರ ರಾಷ್ಟ್ರೀಯ ಹೆದ್ದಾರಿ 5ರ ಮ್ಯಾಲ ಗುಡ್ಡ ಕುಸಿದು ಬಸ್ ಸಮೇತ ಮಂದಿ ಮುಚ್ಚಿ ಹೋದ್ರು. ಜುಲೈ, ಆಗಸ್ಟ್‌ನ್ಯಾಗ ಆ ದಾರಿ ಬ್ಯಾಡೇ ಬ್ಯಾಡ. ಸ್ಪಿತಿ ಮಳಿನೆರಳಿನ ನಾಡು ಖರೆ, ಆದ್ರ ಅಲ್ಲಿಗೆ ಮುಟ್ಟೋ ದಾರಿಗೆ ಮಳಿ ಬಡೀತೈತಿ. ಸೆಪ್ಟೆಂಬರ್ 15 ದಾಟಿದ ಮ್ಯಾಲೆ ಕಿನ್ನೌರ್‌ದಾಗ ಇರೋ ಹಂಗ ತಾರೀಖು ಸರಸ್ರಿ. ಆಗ ನಾಲಾ ನೀರೂ ಇಳದಿರ್ತೈತಿ.

ನಕ್ಷೆ_ಹುಚ್ಚು
ಸರಿಯಾದ ತಿದ್ದುಪಡಿ. ನಾಕೊ ಹತ್ರ ಮಾಲಿಂಗ್ ನಾಲಾ ಕೂಡ ಕುಸಿಯೋ ಜಾಗವೇ. ಅಂಥ ಕಡೆ ಫೋಟೋಗೆ ನಿಲ್ಲಬೇಡಿ. ಮುಂದಿನ ಗಾಡಿ ಪೂರ್ತಿ ದಾಟಿದ ಮೇಲೆ ಎರಡನೇದು ಹೊರಡಲಿ, ಕಿಟಕಿ ಇಳಿಸಿರಲಿ, ಹಾಡು ಬಂದ್. ಕಲ್ಲು ಉರುಳೋ ಸದ್ದು ಕಣ್ಣಿಗಿಂತ ಮೊದಲು ಕಿವಿಗೆ ಬರುತ್ತೆ.

ಇನ್ನು ದಿನದ ಲೆಕ್ಕ. ಬೆಂಗಳೂರು–ಚಂಡೀಗಢ ಸುಮಾರು 2,400 ಕಿ.ಮೀ., 4 ದಿನ. ನಾರ್ಕಂಡಾ 1, ಕಲ್ಪಾ 2, ತಾಬೊ 1, ಕಾಜಾ 3, ಚಂದ್ರತಾಲ್ 1, ಸಿಸ್ಸು ಅಥವಾ ಮನಾಲಿ 1. ಅಲ್ಲಿಗೆ 13. ವಾಪಸ್ 2,700 ಕಿ.ಮೀ.ಗೆ 5 ದಿನ. 18 ಭರ್ತಿ, ಒಂದು ದಿನವೂ ಮಿಗಲ್ಲ. ಗುಡ್ಡ ಕುಸಿದು ಒಂದು ಕಡೆ ಎರಡು ದಿನ ಸಿಕ್ಕಿಬಿದ್ರೆ, ಆ ನಷ್ಟ ತುಂಬೋಕೆ ಒಂದೇ ದಿನ 1,000 ಕಿ.ಮೀ. ಓಡಿಸೋಕೆ ಹೊರಡ್ತಾರೆ ಜನ. ಬೆಟ್ಟಕ್ಕಿಂತ ಆ ವಾಪಸ್ ಹೆದ್ದಾರಿಯೇ ಅಪಾಯ.

ಕುಡ್ಲ_ಫೋರ್‌ಬೈಫೋರ್
ಗಾಡಿಯನ್ನು ಟ್ರೇಲರ್ ಲಾರಿಯಲ್ಲಿ ಚಂಡೀಗಢಕ್ಕೆ ಕಳಿಸಿ, ನೀವು ವಿಮಾನದಲ್ಲಿ ಹೋಗಿ ಮಾರಾಯ್ರೆ. ಹೋಗುವ ಬದಿಯ 4 ದಿನ ಉಳಿಯಿತು, ಟೈರೂ ಸವೆಯುವುದಿಲ್ಲ. ಆದರೆ ಲಾರಿ ಮುಟ್ಟಲಿಕ್ಕೆ ವಾರ, ಹತ್ತು ದಿನ ಆಗ್ತದೆ, ಅವರು ಹೇಳಿದ ತಾರೀಖಿಗೆ ಮೂರು ದಿನ ಸೇರಿಸಿ ಟಿಕೆಟ್ ಮಾಡಿ. ಟ್ಯಾಂಕಿನಲ್ಲಿ 5–10 ಲೀಟರ್ ಮಾತ್ರ ಇರಲಿ. ನಾಲ್ಕೂ ಬದಿ, ಅಡಿಭಾಗ, ಓಡೋಮೀಟರ್ ಎಲ್ಲ ಫೋಟೋ ತೆಗೆದಿಡಿ. ಟೂಲು, ಟೆಂಟು ಒಳಗೆ ಬಿಡಬೇಡಿ. ಸಾಗಣೆ ವಿಮೆ ಸಾಮಾನ್ಯವಾಗಿ ಗಾಡಿಗೆ ಮಾತ್ರ ಇರುವುದು, ಒಳಗಿನ ಸಾಮಾನಿಗೆ ಅಲ್ಲ.

ಕಲ್ಲುದಾರಿ
ಲಾರಿ ಐಡಿಯಾ ತಲೇಲಿ ಇರಲಿಲ್ಲ, ಥ್ಯಾಂಕ್ಸ್. ದಿಕ್ಕು ಕಿನ್ನೌರ್ ಕಡೆಯಿಂದ ಅಂತ ಖಾತ್ರಿ ಮಾಡ್ತೀನಿ. ಜೆರಿ ಕ್ಯಾನ್, ಟೈರಿನ ಬಗ್ಗೆ ಯಾರಾದ್ರೂ ಹೇಳಿ.

ಗ್ರೀಸ್_ಡಬ್ಬಿ
ಈ ಸುತ್ತಿಗೆ ಜೆರಿ ಕ್ಯಾನ್ ಬೇಡ. ಕಲ್ಪಾ ಪಕ್ಕದ ರೆಕಾಂಗ್ ಪಿಯೊ ಕೆಳಗೆ ಪೋವಾರಿಯಲ್ಲಿ ಪಂಪ್ ಇದೆ, ಆಮೇಲೆ ಕಾಜಾದಲ್ಲಿದೆ, ಕೊನೆಗೆ ಮನಾಲಿ. ಪಿಯೊದಿಂದ ಕಾಜಾ ಸುಮಾರು 200 ಕಿ.ಮೀ. ಕಾಜಾದಿಂದ ಮನಾಲಿ ಕೂಡ ಅಷ್ಟೇ, ಚಂದ್ರತಾಲ್‌ಗೆ ಬತಾಲ್ ಕಡೆಯಿಂದ ಹೋಗಿ ಬರೋದು ಸೇರಿಸಿದ್ರೆ 230. ಥಾರ್ ಟ್ಯಾಂಕ್ 57 ಲೀಟರ್, ಲೋ ರೇಂಜಲ್ಲಿ (ನಿಧಾನಕ್ಕೆ, ಜೋರಾಗಿ ಎಳೆಯೋ ಫೋರ್ ವೀಲ್ ಗೇರು) ಲೀಟರಿಗೆ 8 ಅಂದ್ರೂ 450 ಕಿ.ಮೀ. ಜಿಮ್ನಿ 40 ಲೀಟರ್, ಲೀಟರಿಗೆ 9 ಅಂದ್ರೆ 360. ಕಾಜಾ ಬಿಡೋವಾಗ ಎರಡೂ ಫುಲ್ ಇದ್ರೆ ಸಾಕು. ಪಿನ್ ಕಣಿವೆ, ಲಾಂಗ್ಝಾ–ಕೋಮಿಕ್ ಸುತ್ತಿ ಬಂದು ಮತ್ತೆ ತುಂಬಿಸಿ. ಕಾಜಾ ಪಂಪಲ್ಲಿ ಸ್ಟಾಕ್ ಇಲ್ದೇ ಹೋಗೋದು ಉಂಟು, ಅದಕ್ಕೆ ಊರು ಮುಟ್ಟಿದ ದಿನವೇ ಮೊದಲು ಪಂಪಿಗೆ ಹೋಗಿ.

80 ಲೀಟರ್ ಡೀಸೆಲ್ಲು, ಕ್ಯಾನು ಸೇರಿ 80 ಕಿಲೋ ಮೇಲಾಗುತ್ತೆ. ಅದರ ಮೇಲೆ ರೂಫ್ ಟೆಂಟ್ 50–60 ಕಿಲೋ. ಇಷ್ಟನ್ನ ಗಾಡಿ ತಲೆ ಮೇಲೆ ಹೇರಿ ಒಂದು ಕಡೆ ವಾಲೋ ಹಾದೀಲಿ ಹೋದ್ರೆ ಪಲ್ಟಿ ಹೊಡೆಯೋ ಕೋನ ಹತ್ರ ಬರುತ್ತೆ. ಮ್ಯಾನ್ಯುಯಲ್‌ನಲ್ಲಿ ರೂಫ್ ಲೋಡ್ ಎಷ್ಟು ಬರೆದಿದೆ ನೋಡಿ, ಅದು ಓಡೋವಾಗಿನ ಲೆಕ್ಕ. ನಿಂತಾಗ ಮೂರು ಜನ ಮಲಗಿದ್ರೂ ತಡೆಯುತ್ತೆ, ಗುಂಡೀಲಿ ಎಗರಿದಾಗ ತಡೆಯಲ್ಲ.

ಹಿಮಾಲಯನ್_ಬೈಕು
ಶಿಂಕು ಲಾ ದಾಟಿ ಲಡಾಖ್‌ನ ಪದುಮ್ ಕಡೆ ಹೋಗೋದಾದ್ರೆ ಕ್ಯಾನ್ ಬೇಕಾಗುತ್ತೆ ಅಲ್ವಾ?

ಗ್ರೀಸ್_ಡಬ್ಬಿ
ಆಗ ಬೇಕು. ದಾರ್ಚಾ–ಪದುಮ್–ನಿಮ್ಮೂ ರಸ್ತೆಯೇ 298 ಕಿ.ಮೀ., ನಡುವೆ ಪಂಪ್ ನಂಬಿಕೊಂಡು ಹೋಗೋ ಹಾಗಿಲ್ಲ. ಕಬ್ಬಿಣದ ಕ್ಯಾನ್, ಹತ್ತರಲ್ಲಿ ಒಂಬತ್ತು ಪಾಲು ಮಾತ್ರ ತುಂಬಿ. ಎತ್ತರಕ್ಕೆ ಹೋದ ಹಾಗೆ ಒಳಗಿನ ಆವಿ ಉಬ್ಬುತ್ತೆ, ಮುಚ್ಚಳ ನಿಧಾನಕ್ಕೆ ಸಡಿಲಿಸಿ, ಬಿಸಿ ಇಂಜಿನ್ ಹತ್ರ ಬೇಡ. ಪೆಟ್ರೋಲ್ ಕ್ಯಾನು ಜನ ಕೂತಿರೋ ಜಾಗದಲ್ಲಿ ಯಾವ ಕಾರಣಕ್ಕೂ ಇಡಬೇಡಿ.

ಘಟ್ಟದ_ಜೀಪು
ಟೈರು: ಮಡ್ ಟೆರೇನ್ ಬೇಡ, ಆಲ್ ಟೆರೇನ್ ಹಾಕಿ. ಸಕಲೇಶಪುರ, ಮೂಡಿಗೆರೆ ಕಡೆಯ ಅಂಟು ಕೆಸರಿಗೆ ಮಡ್ ಟೈರಿನ ಅಗಲ ಸಂದು ಬೇಕು. ಸ್ಪಿತಿಯಲ್ಲಿ ಕೆಸರಿಲ್ಲ. ಇರೋದು ಜಲ್ಲಿ, ಉಂಡೆ ಕಲ್ಲು, ಚಪ್ಪಡಿ ಚಪ್ಪಡಿಯಾಗಿ ಒಡೆದ ಚೂಪು ಕಲ್ಲು. ಅಲ್ಲಿ ಟೈರು ಸಾಯೋದು ಪಕ್ಕದ ಗೋಡೆ ಸೀಳಿ. ಗೋಡೆ ಗಟ್ಟಿ ಇರೋದು ನೋಡಿ ತಗೊಳ್ಳಿ. ಕಲ್ಲನ್ನ ಎರಡು ಚಕ್ರದ ನಡುವೆ ಹಾಯಿಸೋಕೆ ಹೋಗಬೇಡಿ, ಟೈರಿನ ಮೆಟ್ಟಿನ ಮೇಲೇ ಹತ್ತಿಸಿ. ತಪ್ಪಿಸೋಕೆ ಹೋದಾಗಲೇ ಪಕ್ಕದ ಗೋಡೆ ಉಜ್ಜೋದು.

ಗಾಳಿ: ಡಾಂಬರಲ್ಲಿ ಕಂಪನಿ ಹೇಳಿದಷ್ಟು. ಜಲ್ಲಿ ಹಾದಿಗೆ 24–26 ಪಿಎಸ್‌ಐ. ಮಲೆನಾಡ ಕೆಸರಲ್ಲಿ 18ಕ್ಕೆ ಇಳಿಸೋರು ಅದೇ ಅಭ್ಯಾಸ ಅಲ್ಲಿಗೆ ಒಯ್ಯಬೇಡಿ. ಇಷ್ಟು ಇಳಿಸಿದ್ರೆ ಗೋಡೆ ಹೊರಗೆ ಉಬ್ಬಿ ಚೂಪು ಕಲ್ಲಿಗೆ ಸಿಗುತ್ತೆ, ರಿಮ್ ಕೂಡ ಕಲ್ಲಿಗೆ ಹೊಡೆಯುತ್ತೆ.

ನಕ್ಷೆ_ಹುಚ್ಚು
ಗಾಳಿ ಬಗ್ಗೆ ಒಂದು ಲೆಕ್ಕ ಸೇರಿಸ್ತೀನಿ. ಚಂಡೀಗಢದಲ್ಲಿ 30 ಡಿಗ್ರಿ ಇದ್ದಾಗ 32 ಪಿಎಸ್‌ಐ ಹಾಕಿದ್ರಿ ಅಂತಿಟ್ಕೊಳ್ಳಿ. ಚಂದ್ರತಾಲ್‌ನಲ್ಲಿ ಹೊರಗಿನ ಗಾಳಿಯ ಒತ್ತಡ ಸುಮಾರು 5 ಪಿಎಸ್‌ಐ ಕಡಿಮೆ, ಅಷ್ಟೂ ಮೀಟರಲ್ಲಿ ಜಾಸ್ತಿ ತೋರಿಸಬೇಕು. ಆದ್ರೆ ಬೆಳಿಗ್ಗೆ 0 ಡಿಗ್ರಿ ಚಳಿಗೆ ಅಷ್ಟೇ ಇಳಿದಿರುತ್ತೆ. ಅದಕ್ಕೆ ಬೆಳಿಗ್ಗೆ ಮೀಟರ್ 32, 33 ಅಂತಲೇ ತೋರಿಸುತ್ತೆ, ಬಿಸಿಲಲ್ಲಿ 36ಕ್ಕೆ ಏರುತ್ತೆ. ಬೆಳಿಗ್ಗೆ ತಣ್ಣಗಿದ್ದಾಗ ಅಳೆದು ಒಂದು ಸಲ ಹೊಂದಿಸಿ. ಮಧ್ಯಾಹ್ನ ನೋಡಿ ಗಾಳಿ ಬಿಟ್ರೆ ಮಾರನೇ ಬೆಳಿಗ್ಗೆ ಕಡಿಮೆಯಾಗಿರುತ್ತೆ.

ಧಾರವಾಡ_ಡೀಸೆಲ್
ಕಂಪ್ರೆಸರ್ ಬ್ಯಾಟರಿಗೇ ಹಚ್ಚೋದು ತಗೋರಿ. ಸಿಗರೇಟ್ ಲೈಟರ್ ಸಾಕೆಟ್ಟಿನ ಫ್ಯೂಸು ಸಣ್ಣದು, 10–15 ಆಂಪ್. ದೊಡ್ಡ ಕಂಪ್ರೆಸರ್ 20–30 ಎಳೀತೈತಿ, ಮೊದಲ ಟೈರಿಗೇ ಫ್ಯೂಸ್ ಹೊಕ್ಕೈತಿ. ಇಂಜಿನ್ ಚಾಲೂ ಇಟ್ಟೇ ಗಾಳಿ ತುಂಬ್ರಿ.

ಥಾರ್ ಬಿಎಸ್ 6 ಡೀಸೆಲ್ ಅಂದ್ರ ಡಿಪಿಎಫ್, ಅಂದ್ರ ಹೊಗಿಯಾಗಿನ ಮಸಿ ಹಿಡಿಯೋ ಫಿಲ್ಟರ್ ಐತಿ. ಲೋ ರೇಂಜಿನ್ಯಾಗ ದಿನಗಟ್ಟಲೆ ತೆವಳಿದ್ರ ಅದರಾಗ ಮಸಿ ತುಂಬತೈತಿ, ಸುಟ್ಟು ಹೋಗಾಕ ಬೇಕಾದ ಶಾಖ ಬರೂದಿಲ್ಲ. ದೀಪ ಹತ್ತಿದ್ರ ಇಂಜಿನ್ ಆರಿಸಬ್ಯಾಡ್ರಿ. ರಸ್ತಾ ಚಲೋ ಇದ್ದಲ್ಲಿ 60ರ ವೇಗದಾಗ 15–20 ನಿಮಿಷ ಓಡಸ್ರಿ. ತಾಬೊ–ಕಾಜಾ ನಡುವ ಅಂಥ ತುಂಡು ಸಿಗ್ತಾವ. ಹೊರಡೂ ಮುಂಚೆ ಸರ್ವಿಸ್‌ನ್ಯಾಗ ಮಸಿ ಎಷ್ಟು ತುಂಬೇತಿ ಅಂತ ಸ್ಕ್ಯಾನರ್ ಹಚ್ಚಿ ನೋಡಸ್ರಿ, ಜಾಸ್ತಿ ಇದ್ರ ಅಲ್ಲೇ ಸುಡಸ್ರಿ. ಥಂಡಿಗೆ ಟೀ ಕುಡಿಯೂತನಕ ಗಾಡಿ ಐಡಲ್ ಬಿಡೂ ಚಟ ಬ್ಯಾಡ.

ಇನ್ನೊಂದು: ಬಯಲ ಸೀಮಿ ಡೀಸೆಲ್ ತುಂಬಕೊಂಡು ಚಂದ್ರತಾಲ್‌ಕ್ಕ ಹೋಗಬ್ಯಾಡ್ರಿ. ಐಎಸ್ 1460 ಮಾನದಂಡದಾಗ ಬ್ಯಾಸಗಿ ಡೀಸೆಲ್ಲಿಗೆ ಫಿಲ್ಟರ್ ಕಟ್ಟಕೊಳ್ಳೋ ಉಷ್ಣಾಂಶ 18 ಡಿಗ್ರಿ ತನಕ ಇರಬಹುದು, ಚಳಿಗಾಲದ್ದಕ್ಕ 6 ಡಿಗ್ರಿ. ಎಲ್ಲಾ ಡೀಸೆಲ್ಲೂ ಅಷ್ಟಕ್ಕ ಹೆಪ್ಪುಗಟ್ಟತೈತಿ ಅಂತಲ್ಲ, ಆದ್ರ ಭರವಸಾ ಇಲ್ಲ. ಕೆಳಗಿನ ಎಣ್ಣಿ ಮುಗಿಸಿ ಪಿಯೊ, ಕಾಜಾದಾಗ ತುಂಬಸ್ರಿ. ರಾತ್ರಿ ಗಾಡಿ ಮೂಡಲಕ್ಕ ಮಾರಿ ಮಾಡಿ ನಿಲ್ಲಸ್ರಿ, ಮುಂಜಾನಿ ಬಿಸಿಲು ಬಾನೆಟ್ಟಿಗೆ ಬೀಳಲಿ. ಟ್ಯಾಂಕಿನ ಕೆಳಗ ಬೆಂಕಿ ಹಚ್ಚೋರನ್ನ ಕಂಡ್ರ ಮೊದಲು ಅದನ್ನ ಆರಸ್ರಿ.

ಕಲ್ಲುದಾರಿ
ಜಿಮ್ನಿಗೆ ಟರ್ಬೊ ಇಲ್ಲ. ಕುಂಜುಮ್ ಹತ್ತುತ್ತಾ?

ಗ್ರೀಸ್_ಡಬ್ಬಿ
ಹತ್ತುತ್ತೆ. ಕುಂಜುಮ್ 4,551 ಮೀಟರ್, ಅಲ್ಲಿ ಟರ್ಬೊ ಇಲ್ಲದ ಇಂಜಿನ್ನಿನ ಶಕ್ತಿ ಶೇ 40ರಷ್ಟು ಬಿದ್ದಿರುತ್ತೆ. ಮಾಮೂಲಿ ಗೇರಲ್ಲಿ ಎಳೆಸಿದ್ರೆ ತಿರುವಲ್ಲಿ ಅರ್ಧ ಕ್ಲಚ್ ಹಿಡಿದು ಸುಟ್ಟುಕೊಳ್ತೀರಿ. ಜಲ್ಲಿ ಹಾದಿ ಶುರುವಾದ ಕೂಡಲೇ 4 ಎಲ್ (ಲೋ ರೇಂಜ್) ಹಾಕಿ, ಎರಡನೇ ಗೇರಲ್ಲಿ ಕ್ಲಚ್ ಮುಟ್ಟದೆ ಹತ್ತಿಸಿ. ಇಳಿಯೋವಾಗಲೂ ಅದೇ ಗೇರು, ಬ್ರೇಕ್ ಆಗಾಗ ಮಾತ್ರ. ಪೂರ್ತಿ ಡಾಂಬರಿನ ಮೇಲೆ ಫೋರ್ ವೀಲ್ ಹಾಕಿ ತಿರುಗಿಸಬೇಡಿ, ಟ್ರಾನ್ಸ್‌ಫರ್ ಕೇಸಿಗೆ ಒದೆ.

ರೇಡಿಯೇಟರ್ ಮುಚ್ಚಳ ಹೊಸದು ಹಾಕಿ. ಅಷ್ಟೆತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುತ್ತೆ. ಮುಚ್ಚಳದ ಸ್ಪ್ರಿಂಗ್ ಸೋತಿದ್ರೆ ಬೆಂಗಳೂರಲ್ಲಿ ಗೊತ್ತೇ ಆಗಲ್ಲ, ಕುಂಜುಮ್ ಏರಲ್ಲಿ ಉಕ್ಕುತ್ತೆ. ಬ್ರೇಕ್ ಆಯಿಲ್ ಎರಡು ವರ್ಷ ಹಳೇದಾಗಿದ್ರೆ ಪೂರ್ತಿ ಬದಲಿಸಿ. ಅದು ಗಾಳಿಯ ತೇವ ಕುಡಿದಿರುತ್ತೆ, ಉದ್ದ ಇಳಿಜಾರಲ್ಲಿ ಕಾದು ಗುಳ್ಳೆ ಬಂದು ಪೆಡಲ್ ಸೀದಾ ಕೆಳಗೆ ಹೋಗುತ್ತೆ.

ಸಾಮಾನು, ಎರಡೂ ಗಾಡಿಗೆ ಬೇರೆ ಬೇರೆ: ಡ್ರೈವ್ ಬೆಲ್ಟ್, ಡೀಸೆಲ್ ಫಿಲ್ಟರ್ (ಥಾರ್‌ಗೆ ಮಾತ್ರ, ಜಿಮ್ನಿ ಪೆಟ್ರೋಲ್), ಏರ್ ಫಿಲ್ಟರ್, ಫ್ಯೂಸು ರಿಲೇ, ವೀಲ್ ನಟ್ಟು. ಇಬ್ಬರಿಗೂ ಸೇರಿ: ಕೂಲಂಟ್ 3 ಲೀಟರ್, ಇಂಜಿನ್ ಆಯಿಲ್ 1 ಲೀಟರ್, ಡಾಟ್ 4 ಬ್ರೇಕ್ ಆಯಿಲ್ ಅರ್ಧ ಲೀಟರ್, ಎಂ-ಸೀಲ್, ತನಗೆ ತಾನೇ ಅಂಟೋ ಸಿಲಿಕಾನ್ ಟೇಪು, ಕಟ್ಟುಕಂಬಿ, ಪಂಕ್ಚರ್ ದಾರ 20, ವಾಲ್ವ್ ಪಿನ್ 6. ಎರಡು ಗಾಡಿಯ ಟೈರು ಅಳತೆ ಬೇರೆ, ಹಾಗಾಗಿ ಸ್ಟೆಪ್ನಿ ಹಂಚಿಕೊಳ್ಳೋಕಾಗಲ್ಲ. ಜಿಮ್ನಿಗೆ ಇನ್ನೊಂದು ಬರೀ ಟೈರು ಒಯ್ಯೋದು ಒಳ್ಳೇದು.

ಕುಡ್ಲ_ಫೋರ್‌ಬೈಫೋರ್
ವಿಂಚ್ ಬಿಡಿ. ಅಲ್ಲಿ ಮರವೇ ಇಲ್ಲ, ಎಂತಕ್ಕೆ ಕಟ್ಟುತ್ತೀರಿ? ಇನ್ನೊಂದು ಗಾಡಿ ಉಂಟಲ್ಲ, ಅದೇ ಸಾಕು. 9 ಮೀಟರಿನ ಕೈನೆಟಿಕ್ ಹಗ್ಗ (ಎಳೆದಾಗ ಹಿಗ್ಗುವಂಥದ್ದು), ಅದನ್ನು ಗಾಡಿಗೆ ಸಿಕ್ಕಿಸುವ ಸಾಫ್ಟ್ ಶ್ಯಾಕಲ್ ಎರಡು, ಸಲಿಕೆ ಒಂದು, ಹೂತ ಚಕ್ರದ ಅಡಿ ಇಡುವ ರಿಕವರಿ ಬೋರ್ಡ್ ಒಂದು ಜೊತೆ. ಬಂಪರಿನ ಅಡಿಯಲ್ಲಿ ಲಾರಿಗೆ ಕಟ್ಟಲಿಕ್ಕೆ ಕೊಟ್ಟ ಸಣ್ಣ ಕೊಕ್ಕೆಗೆ ಕೈನೆಟಿಕ್ ಹಗ್ಗ ಹಾಕಲೇಬೇಡಿ. ಹಿಂದೆ ಟ್ರೇಲರ್ ಸಿಕ್ಕಿಸುವ ಟೋ ಬಾಲಿಗೂ ಬೇಡ. ಅದು ಕಿತ್ತುಕೊಂಡು ಬಂದರೆ ಹಿಂದಿನ ಗಾಡಿಯ ಗಾಜು ಸೀಳಿ ಒಳಗೆ ಬರ್ತದೆ, ಜೀವ ಹೋದದ್ದುಂಟು. ಚಾಸಿಗೆ ಬೋಲ್ಟ್ ಮಾಡಿದ ಪಾಯಿಂಟು ಮುಂದೆ, ಹಿಂದೆ ಎರಡೂ ಕಡೆ ಇದೆಯಾ ಅಂತ ಈಗಲೇ ನೋಡಿ. ಎಳೆಯುವಾಗ ಹಗ್ಗದ ನಡುವೆ ದಪ್ಪ ಕಂಬಳಿ, ಉಳಿದವರೆಲ್ಲ ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ.

ಘಟ್ಟದ_ಜೀಪು
ನಾಲಾ ದಾಟೋದು. ಮೊದಲು ಇಳಿದು ಕೋಲು ಹಿಡಿದು ನೋಡಿ. ನೀರು ತೊಡೆಗೆ ಬಂದು ಕಾಲು ಎಳೀತಿದ್ರೆ ಗಾಡಿ ಇಳಿಸಬೇಡಿ, ಹಗುರ ಜಿಮ್ನಿಯನ್ನಂತೂ ಬೇಡವೇ ಬೇಡ. ಅಗಲವಾಗಿ ಹರಡಿ ಸಣ್ಣ ಅಲೆ ಏಳೋ ಕಡೆ ಆಳ ಕಡಿಮೆ, ನುಣ್ಣಗೆ ಹರಿಯೋ ಕಡೆ ಗುಂಡಿ. 4 ಎಲ್, ಮೊದಲ ಅಥವಾ ಎರಡನೇ ಗೇರು, ಒಂದೇ ವೇಗ, ನಡುವೆ ಗೇರು ಬದಲಿಸೋದು ಇಲ್ಲ, ಕ್ಲಚ್ ತುಳಿಯೋದು ಇಲ್ಲ. ನೀರಲ್ಲಿ ಇಂಜಿನ್ ನಿಂತು, ಏರ್ ಫಿಲ್ಟರ್ ಒದ್ದೆಯಾಗಿದ್ರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಸಿಲಿಂಡರಲ್ಲಿ ನೀರಿದ್ರೆ ಕನೆಕ್ಟಿಂಗ್ ರಾಡ್ ಬಾಗುತ್ತೆ, ಅಲ್ಲಿಗೆ ಪ್ರವಾಸ ಮುಗೀತು. ದಾಟಿದ ಮೇಲೆ ನಾಲ್ಕೈದು ಸಲ ಬ್ರೇಕ್ ಒತ್ತಿ ಒಣಗಿಸಿ.

ಅಡುಗೆ_ಡಿಕ್ಕಿ
ಅಡುಗೆ ಬಗ್ಗೆ ಯಾರೂ ಮಾತಾಡ್ಲಿಲ್ಲ! ಎರಡು ಲೀಟರಿನ ಕುಕ್ಕರ್ ಬೇಕೇ ಬೇಕು. ನೀರು ಕಡಿಮೆ ಬಿಸಿಗೇ ಕುದಿಯೋದ್ರಿಂದ ತೆರೆದ ಪಾತ್ರೇಲಿ ಅಕ್ಕಿ ಬೇಯೋಕೆ ತುಂಬಾ ಹೊತ್ತು ಹಿಡಿಯುತ್ತೆ, ಬೇಳೆಯಂತೂ ಸರಿಯಾಗಿ ಬೇಯೋದೇ ಇಲ್ಲ. ಬರೀ ಬ್ಯೂಟೇನ್ ಕ್ಯಾನಿಸ್ಟರ್ ಸೊನ್ನೆ ಡಿಗ್ರಿ ಹತ್ರ ಆವಿಯಾಗಲ್ಲ, ಪ್ರೊಪೇನ್ ಬೆರೆಸಿದ್ದು ತಗೊಳ್ಳಿ. ಕ್ಯಾನಿಸ್ಟರ್ ವಿಮಾನದಲ್ಲಿ ಬಿಡೋದಿಲ್ಲ, ಚಂಡೀಗಢದಲ್ಲೇ ಕೊಳ್ಳಿ. ಬೆಳಿಗ್ಗೆ ಬೇಗ ಹೊರಡೋ ದಿನಕ್ಕೆ ಗೊಜ್ಜವಲಕ್ಕಿ ಪುಡಿ ಸಾಕು, ತಣ್ಣೀರಿಗೂ ನೆನೆಯುತ್ತೆ. ಟೆಂಟ್ ಒಳಗೆ ಸ್ಟವ್ ಹಚ್ಚಬೇಡಿ, ಹೊಗೆ ಕಾಣದೆಯೇ ಕಾರ್ಬನ್ ಮೊನಾಕ್ಸೈಡ್ ಕೊಲ್ಲುತ್ತೆ.

ಹಿಮಾಲಯನ್_ಬೈಕು
ಚಂದ್ರತಾಲ್ ದಡದಲ್ಲೇ ರೂಫ್ ಟೆಂಟ್ ಬಿಚ್ಚಬಹುದಾ? ಫೋಟೋ ಸಖತ್ ಬರುತ್ತೆ.

ನಕ್ಷೆ_ಹುಚ್ಚು
ಇಲ್ಲ. ದಡದಲ್ಲಿ ಕ್ಯಾಂಪ್ ನಿಷೇಧ, ಗಾಡಿಯೂ ದಡದವರೆಗೆ ಹೋಗಲ್ಲ, ಕೊನೆ ತುಂಡು ನಡಿಗೆ. 2005ರಿಂದ ಅದು ರಾಮ್ಸರ್ ತಾಣ. ಕ್ಯಾಂಪುಗಳು ಕೆರೆಗಿಂತ ಕೆಲವು ಕಿ.ಮೀ. ಹಿಂದೆಯೇ ಇವೆ, ಅಲ್ಲೇ ಉಳಿಯಿರಿ. ದಾರಿ ಬಿಟ್ಟು ಹುಲ್ಲುಗಾವಲಿಗೆ ಚಕ್ರ ಇಳಿಸಬೇಡಿ. ಅಲ್ಲಿ ಹುಲ್ಲು ಬೆಳೆಯೋದು ವರ್ಷಕ್ಕೆ ಮೂರ್ನಾಲ್ಕು ತಿಂಗಳು, ಟೈರಿನ ಗೀರು ವರ್ಷಗಟ್ಟಲೆ ಉಳಿಯುತ್ತೆ. ಕುರಿಗಾಹಿಗಳ ಮೇವು ಅದು.

ಚಂಡೀಗಢದ_ಕನ್ನಡಿಗ
ಕಾಗದ ಪತ್ರ: ಶಿಮ್ಲಾ–ಕಾಜಾ–ಮನಾಲಿ ಸುತ್ತಿಗೆ ಭಾರತೀಯರಿಗೆ ಇನ್ನರ್ ಲೈನ್ ಪರ್ಮಿಟ್ ಬೇಡ. ಅಟಲ್ ಸುರಂಗಕ್ಕೂ ಬೇಡ, ರೋಹ್ತಾಂಗ್ ಮೇಲೆ ಹೋಗೋದಾದ್ರೆ ಮಾತ್ರ ಆನ್‌ಲೈನ್ ಪರ್ಮಿಟ್. ಫೋನಿಗೆ ಒಂದು ಬಿಎಸ್‌ಎನ್‌ಎಲ್ ಸಿಮ್ ಇರಲಿ. ಕುಂಜುಮ್‌ಗೆ ಮುಂಚಿನ ಊರು ಲೋಸರ್ ದಾಟಿದ ಮೇಲೆ ಸಿಸ್ಸು ಕಡೆ ಇಳಿಯೋವರೆಗೂ ಸಿಗ್ನಲ್ ನೆಚ್ಚಿಕೊಳ್ಳಬೇಡಿ. ಅದಕ್ಕೆ ಕಾಜಾ ಬಿಡೋವಾಗ ಮನೆಗೆ ಇಂಥ ದಿನ ಇಷ್ಟು ಹೊತ್ತೊಳಗೆ ಫೋನ್ ಬರದಿದ್ರೆ 112ಕ್ಕೆ ತಿಳಿಸಿ ಅಂತ ಹೇಳಿ ಹೊರಡಿ.

ಸ್ಯಾಟಲೈಟ್ ಫೋನು, ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸಾಧನ ಲೈಸೆನ್ಸ್ ಇಲ್ಲದೆ ಭಾರತದಲ್ಲಿ ಅಪರಾಧ. ವಿದೇಶದಿಂದ ಬರೋ ನೆಂಟರು ತಂದ್ರೆ ಅವರೂ ಸಿಕ್ಕಿಬೀಳ್ತಾರೆ.

ಧಾರವಾಡ_ಡೀಸೆಲ್
ಗಾಡಿ ಗಾಡಿ ನಡುವ ಮಾತಾಡಾಕ 446 ಮೆಗಾಹರ್ಟ್ಸ್‌ನ ಲೈಸೆನ್ಸ್ ಬ್ಯಾಡಾದ ಸಣ್ಣ ವಾಕಿಟಾಕಿ ಸಿಗ್ತಾವ್ರಿ. ತಿರುವಿನ್ಯಾಗ ಎದುರ ಲಾರಿ ಬಂತು ಅನ್ನೂದು ಹಿಂದಿನ ಗಾಡಿಗೆ ತಿಳಸಾಕ ಅಷ್ಟ ಸಾಕು. ಏರಿ ಬರೂ ಗಾಡಿಗೆ ದಾರಿ ಬಿಡಬೇಕು, ಇಳಿಯೋರು ನಿಲ್ಲಬೇಕು, ಇದನ್ನ ಇಬ್ಬರು ಡ್ರೈವರ್ರೂ ಮೊದಲೇ ಮಾತಾಡಕೋರಿ.

ಕಲ್ಲುದಾರಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬದಲಾದ ಪ್ಲಾನ್: ಗಾಡಿ ಲಾರಿಯಲ್ಲಿ ಸೆಪ್ಟೆಂಬರ್ 1ಕ್ಕೆ ಹೊರಡುತ್ತೆ. ನಾವು 15ಕ್ಕೆ ಚಂಡೀಗಢ. ನಾರ್ಕಂಡಾ 1, ಕಲ್ಪಾ 2, ತಾಬೊ 1, ಕಾಜಾ 3, ಚಂದ್ರತಾಲ್ 1, ಮನಾಲಿ 1, ಜೊತೆಗೆ ಎರಡು ದಿನ ಖಾಲಿ. ವಾಪಸ್ ಓಡಿಸಿಕೊಂಡೇ ಬರ್ತೀವಿ, 5 ದಿನ. ರೂಫ್ ಟೆಂಟ್, ವಿಂಚ್, ಜೆರಿ ಕ್ಯಾನ್ ಕೈಬಿಟ್ಟಿದೀವಿ. ಹೋಮ್‌ಸ್ಟೇ, ಚಂದ್ರತಾಲ್‌ನಲ್ಲಿ ಕ್ಯಾಂಪು. ಹಿರಿಯರನ್ನ ಈ ವಾರ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀವಿ.

ಕೊನೇ ಪ್ರಶ್ನೆ: ಗಾಡಿ ಜೊತೆ ಬಂದ ಜ್ಯಾಕ್ ಸಾಕಾ?

ಗ್ರೀಸ್_ಡಬ್ಬಿ
ಜ್ಯಾಕ್ ಸಾಕು, ಅದರ ಕೆಳಗೆ ಹಲಗೆ ಬೇಕು. ಜಲ್ಲಿ ಮೇಲೆ ಬರೀ ಜ್ಯಾಕ್ ಇಟ್ರೆ ಹೂತು ವಾಲುತ್ತೆ. ಒಂದಡಿ ಚೌಕದ ಮುಕ್ಕಾಲು ಇಂಚು ಪ್ಲೈವುಡ್ ಎರಡು ಕತ್ತರಿಸಿಕೊಳ್ಳಿ. ಮನೆ ಮುಂದೆ ಒಂದು ಸಲ ಎರಡೂ ಗಾಡಿಯ ಸ್ಟೆಪ್ನಿ ಬಿಚ್ಚಿ ಹಾಕಿ ನೋಡಿ. ಎಷ್ಟೋ ಗಾಡೀಲಿ ವರ್ಕ್‌ಶಾಪಿನ ಏರ್ ಗನ್ ನಟ್ಟನ್ನ ಎಷ್ಟು ಬಿಗಿದಿರುತ್ತೆ ಅಂದ್ರೆ ಕೊಟ್ಟಿರೋ ಗಿಡ್ಡ ಸ್ಪ್ಯಾನರ್ ಅಲ್ಲಾಡಿಸಲ್ಲ. ಎರಡಡಿ ಪೈಪ್ ತುಂಡು ಸ್ಪ್ಯಾನರ್ ಹಿಡಿಗೆ ಸಿಕ್ಕಿಸೋ ಅಳತೆದು ಜೊತೆಗಿಡಿ.

ಕಲ್ಲುದಾರಿ
ಭಾನುವಾರ ಬಿಚ್ಚಿ ನೋಡ್ತೀವಿ.